17 ಜನರ ಒಂದು ಫೋಟೊ: ಕಡಲ ತೀರದಲ್ಲಿ ಎಲ್ಲಿ ನಿಲ್ಲೋದು?

ಸಾಗರದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮನೆಯವರೆಲ್ಲ ಸೇರಿ ಕಡಲಿಗೆ ಹೋಗೋಣ ಅಂತ ಮಾತಾಗಿದೆ. ಒಟ್ಟು 17 ಜನ. ಒಂದು ಟಿಟಿ (ಟೆಂಪೊ ಟ್ರಾವೆಲರ್), ಒಂದು ಕಾರು. ಎಲ್ಲರಿಗಿಂತ ಚಿಕ್ಕದು ನನ್ನ ತಮ್ಮನ ಮಗು, 11 ತಿಂಗಳು. ಎಲ್ಲರಿಗಿಂತ ದೊಡ್ಡವರು ಅಮ್ಮಮ್ಮ, 82 ವರ್ಷ. ಮೊಣಕಾಲು ನೋವು, ಕೋಲು ಹಿಡಿದು ನಡೆಯುತ್ತಾರೆ.

ನನಗೆ ಬೇಕಿರೋದು ಒಂದೇ ಒಂದು ಒಳ್ಳೆಯ ಫೋಟೊ. 17 ಜನವೂ ಅದರಲ್ಲಿ ಇರಬೇಕು. ಹಿಂದೆ ಸಮುದ್ರ ಕಾಣಬೇಕು.

ಯಾಕೆ ಇಷ್ಟು ಹಟ ಅಂತ ಹೇಳುತ್ತೇನೆ. ಅಮ್ಮಮ್ಮ ಮದುವೆಯಾಗಿ ಹೋದ ಊರು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಮದುವೆಯಾದ ಎರಡನೇ ವರ್ಷಕ್ಕೇ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಆ ಮನೆಯದ್ದು, ಆ ತೋಟದ್ದು, ಅವರ ಅತ್ತೆ ಮಾವನದ್ದು ಒಂದೂ ಫೋಟೊ ಇಲ್ಲ. ಯಾರಾದರೂ ಕೇಳಿದರೆ ಇವತ್ತಿಗೂ ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆದು "ಇಲ್ಲಿ ಜಗಲಿ, ಇಲ್ಲಿ ನಡುಮನೆ" ಅಂತ ತೋರಿಸುತ್ತಾರೆ. ನಮ್ಮ ಮಕ್ಕಳಿಗೆ ಹಾಗೆ ಆಗಬಾರದು. ಅಮ್ಮಮ್ಮ ಎಲ್ಲರ ನಡುವೆ ಕೂತ ಫೋಟೊ ಒಂದು ಗೋಡೆಯ ಮೇಲೆ ಇರಬೇಕು.

ಮನಸ್ಸಿನಲ್ಲಿರೋ ಜಾಗ: ಮುರುಡೇಶ್ವರ, ಮರವಂತೆ, ಗೋಕರ್ಣದ ಓಂ ಬೀಚ್, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಯಾವುದು ಒಳ್ಳೇದು? ಹೋಗಿ ಬಂದವರು ದಯವಿಟ್ಟು ಹೇಳಿ.

ದುರ್ಗಿಗುಡಿ, ಶಿವಮೊಗ್ಗ

ಕಣ್ಣು ಮುಚ್ಚಿ ಮುರುಡೇಶ್ವರಕ್ಕೆ ಹೋಗಿ ಮೇಡಂ. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, ಮೂರು ಕಡೆ ಸಮುದ್ರ. ಗೋಪುರಕ್ಕೆ ಲಿಫ್ಟ್ ಇದೆ, ಹಿರಿಯರಿಗೂ ಮೇಲಿಂದ ಕಡಲು ನೋಡಬಹುದು. ದೇವರ ದರ್ಶನವೂ ಆಯಿತು, ಫೋಟೊವೂ ಆಯಿತು. 20 ವರ್ಷ ಬಿಟ್ಟು ನೋಡಿದರೂ "ಇದು ಮುರುಡೇಶ್ವರ" ಅಂತ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ.

ಕ್ಯಾಮೆರಾ ಮೇಷ್ಟ್ರು, ತೀರ್ಥಹಳ್ಳಿ

ತಂಗೀ, ಊರು ಆರಿಸುವ ಮೊದಲು ಹೊತ್ತು ಆರಿಸಿ. 30 ವರ್ಷದಿಂದ ಶಾಲೆಯ ಪ್ರವಾಸದಲ್ಲಿ ಮಕ್ಕಳ ಗುಂಪು ಫೋಟೊ ತೆಗೆಯುತ್ತಾ ಬಂದಿದ್ದೇನೆ. ಜನ ತಪ್ಪೋದು ಇಲ್ಲೇ.

ನಮ್ಮ ಕರಾವಳಿಯಲ್ಲಿ ಸಮುದ್ರ ಇರೋದು ಪಶ್ಚಿಮಕ್ಕೆ, ಘಟ್ಟ ಪೂರ್ವಕ್ಕೆ. ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ಸೂರ್ಯನೂ ಬೆನ್ನ ಹಿಂದೆಯೇ ಇರುತ್ತಾನೆ. ಮುಖವೆಲ್ಲ ಕಪ್ಪು. ಆಕಾಶ ಮಾತ್ರ ಬಲು ಚಂದ. ಮನೆಗೆ ಬಂದು ನೋಡಿದರೆ 17 ನೆರಳು ನಿಂತಿರುತ್ತವೆ, ಅಜ್ಜಿ ಯಾರು, ಅತ್ತೆ ಯಾರು ಗೊತ್ತಾಗೋದಿಲ್ಲ. ಪ್ರಾಯದ ಗಂಡ ಹೆಂಡತಿ ಕೈ ಹಿಡಿದು ನಿಂತ ಚಿತ್ರಕ್ಕೆ ಅದು ಸೊಗಸು. ಅಮ್ಮಮ್ಮನ ಮುಖ ಉಳಿಯಬೇಕು ಅನ್ನುವವರಿಗೆ ಆಗಿಬರೋದಿಲ್ಲ.

ಬೆಳಿಗ್ಗೆ ಇದು ಪೂರ್ತಿ ಉಲ್ಟಾ. ಸೂರ್ಯ ಘಟ್ಟದ ಕಡೆಯಿಂದ ಏರುತ್ತಾನೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತವರ ಮುಖಕ್ಕೆ ನೇರ ಬೆಳಕು. ಹಿಂದೆ ನೀರು ನೀಲಿಯಾಗಿ ಕಾಣುತ್ತದೆ. ಡಿಸೆಂಬರ್‌ನಲ್ಲಿ ಏಳು ಗಂಟೆಯ ಹತ್ತಿರ ಸೂರ್ಯ ಕಂಡರೂ ತೆಂಗು, ಗಾಳಿಮರ ದಾಟಿ ಮರಳಿಗೆ ಬಿಸಿಲು ಬೀಳಲು ಇನ್ನೂ ಅರ್ಧ ಮುಕ್ಕಾಲು ಗಂಟೆ ಬೇಕು. ಅಲ್ಲಿಂದ ಒಂಬತ್ತರವರೆಗೆ ನಿಮ್ಮ ಹೊತ್ತು. ಹತ್ತು ದಾಟಿದರೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆ.

ಸಂಜೆಗೇ ತಲುಪೋದು ಅಂತಾದರೆ ಎರಡು ದಾರಿ ಇವೆ. ಒಂದು, ಸಮುದ್ರವನ್ನು ಬೆನ್ನ ಹಿಂದೆ ಇಡಬೇಡಿ, ಪಕ್ಕಕ್ಕೆ ಇಡಿ. ತೀರದ ಉದ್ದಕ್ಕೂ ಕ್ಯಾಮೆರಾ ತಿರುಗಿಸಿದರೆ ಬೆಳಕು ಕೆನ್ನೆಯ ಒಂದು ಬದಿಗೆ ಬೀಳುತ್ತದೆ, ಅಲೆಯ ಗೆರೆಯೂ ಉದ್ದಕ್ಕೆ ಕಾಣುತ್ತದೆ. ಇನ್ನೊಂದು, ಸೂರ್ಯ ಮುಳುಗಿದ ಕೂಡಲೇ ಗಂಟು ಕಟ್ಟಬೇಡಿ. ಆಮೇಲಿನ ಹತ್ತು ನಿಮಿಷ ಆಕಾಶವೆಲ್ಲ ಒಂದು ದೊಡ್ಡ ದೀಪದ ಹಾಗೆ ಇರುತ್ತದೆ. ಆ ಬೆಳಕಿನಲ್ಲಿ ಮುಖ ಮೆತ್ತಗೆ ಕಾಣುತ್ತದೆ. ಜನ ಅಷ್ಟರಲ್ಲಿ ಗಾಡಿ ಹತ್ತಿರುತ್ತಾರೆ.

ಹೊಸನಗರದ ಅತ್ತಿಗೆ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯದ್ದೇ ಹೇಳುತ್ತೇನೆ.

ಒಂದು ಏಪ್ರಿಲ್‌ನಲ್ಲಿ ಮುರುಡೇಶ್ವರಕ್ಕೆ ಹೋದಾಗ ಮಧ್ಯಾಹ್ನ ಒಂದು ಗಂಟೆ. ಮರಳು ಕಾದ ಬಾಣಲೆ. ಅತ್ತೆ ನಾಲ್ಕು ಹೆಜ್ಜೆ ಇಟ್ಟು "ನನ್ನಿಂದ ಆಗೋದಿಲ್ಲ, ನೀವು ಹೋಗಿ ಬನ್ನಿ" ಅಂತ ಕಾರಿನಲ್ಲೇ ಕೂತರು. ನಾವು ಏಳು ಜನ ಕಣ್ಣು ಕಿರಿದು ಮಾಡಿಕೊಂಡು ನಿಂತ ಫೋಟೊ ಇದೆ. ಅತ್ತೆ ಅದರಲ್ಲಿ ಇಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು. ಆ ಫೋಟೊ ನೋಡಿದಾಗೆಲ್ಲ ನನಗೆ ಕಾಣೋದು ಅವರು ಇರಬೇಕಾಗಿದ್ದ ಜಾಗ.

ಅದಕ್ಕೇ ಹೇಳೋದು. ಗಾಡಿ ನಿಲ್ಲಿಸಿದ ಜಾಗದಿಂದ ನೀರಿಗೆ ಎಷ್ಟು ಹೆಜ್ಜೆ, ಮೆಟ್ಟಿಲು ಎಷ್ಟು, ನೆರಳು ಇದೆಯಾ, ಶೌಚಾಲಯ ಇದೆಯಾ, ಇದನ್ನು ಮೊದಲು ಕೇಳಿ. ಓಂ ಬೀಚಿಗೆ ಗಾಡಿ ಮೇಲೆ ನಿಲ್ಲಿಸಿ ಮೆಟ್ಟಿಲಿಳಿದು ಹೋಗಬೇಕು. ಇಳಿಯೋದು ಹೇಗೋ ಆಗುತ್ತದೆ, ವಾಪಸ್ ಹತ್ತೋದು ಮೊಣಕಾಲು ನೋವಿನವರಿಗೆ ಶಿಕ್ಷೆ. ಗೋಕರ್ಣವೇ ಬೇಕು ಅಂದರೆ ದೇವಸ್ಥಾನದ ಹತ್ತಿರದ ಮುಖ್ಯ ತೀರ ಸಮತಟ್ಟು. ಓಂ ಆಕಾರ ಕಾಣೋದು ಮೇಲಿಂದ ನೋಡಿದರೆ ಮಾತ್ರ, ಕೆಳಗೆ ನಿಂತ ಫೋಟೊದಲ್ಲಿ ಅದು ಬರೋದೇ ಇಲ್ಲ.

ಭದ್ರಾವತಿ ಗೆಳೆಯ

ಸೇಂಟ್ ಮೇರೀಸ್ ಬಗ್ಗೆ ನಾನು ಹೇಳುತ್ತೇನೆ, ಹೋದ ಫೆಬ್ರವರಿಯಲ್ಲಿ ಹೋಗಿದ್ದೆ. ಆ ಕಲ್ಲುಗಳು ಬಲು ಅಪರೂಪದವು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವಾಗ ಉಕ್ಕಿದ ಲಾವಾ ತಣ್ಣಗಾಗಿ ಆರು ಮೂಲೆಯ ಕಂಬಗಳಾಗಿ ನಿಂತಿದೆ. ಮಕ್ಕಳಿಗೆ ತೋರಿಸಲೇಬೇಕು. ಆದರೆ ಬೋಟ್ ಹತ್ತಿ ಇಳಿಯಬೇಕು, ನೆಲ ಏರುಪೇರು, ಸಂಜೆಯ ಮೊದಲೇ ವಾಪಸ್ ಕರೆದುಕೊಂಡು ಬರುತ್ತಾರೆ. ಮಳೆಗಾಲದಲ್ಲಂತೂ ಬೋಟೇ ಇಲ್ಲ. 82ರ ಅಜ್ಜಿ, 11 ತಿಂಗಳ ಮಗು ಇಬ್ಬರೂ ಇರುವ ಗುಂಪಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಕುಂದಾಪುರದ ಅಳಿಯ

ನಾನು ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದ ಕಡೆ, ಹೆಂಡತಿ ಮನೆ ಕುಂದಾಪುರ. ತಿಂಗಳಿಗೊಮ್ಮೆಯಾದರೂ ಹುಲಿಕಲ್ ಘಾಟಿ ಇಳಿಯುತ್ತೇನೆ. ಮರವಂತೆ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು.

ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಆ ನೋಟ ಅಪರೂಪದ್ದು, ಸಂಶಯವಿಲ್ಲ. ಆದರೆ ಅದೇ ಅದರ ಅಪಾಯ. ಗಾಡಿಗಳು ನೂರರ ವೇಗದಲ್ಲಿ ಹೋಗುತ್ತವೆ. 17 ಜನರನ್ನು, ಅದರಲ್ಲೂ ಮಕ್ಕಳನ್ನು, ರಸ್ತೆ ಬದಿ ಸಾಲಾಗಿ ನಿಲ್ಲಿಸಿ "ಸ್ವಲ್ಪ ಹಿಂದೆ ಹೋಗಿ, ಇನ್ನೂ ಸ್ವಲ್ಪ" ಅಂತ ಹೇಳುವ ಜಾಗ ಅಲ್ಲ ಅದು. ಕಡಲ್ಕೊರೆತ ತಡೆಯೋಕೆ ಹಾಕಿದ ಬಂಡೆಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಬಂಡೆಗಳ ಮೇಲೆ ಪಾಚಿ ಇರುತ್ತದೆ, ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು. ನನ್ನ ಭಾವನ ಕಾಲು ಅಲ್ಲೇ ಮುರಿದದ್ದು.

ಆ ಕಡೆಯೇ ಬೇಕು ಅಂದರೆ ಮರವಂತೆಗೆ ಅಂಟಿಕೊಂಡೇ ಇರುವ ತ್ರಾಸಿಗೆ ಹೋಗಿ. ಮರಳು ಅಗಲ, ಗಾಡಿ ನಿಲ್ಲಿಸಲು ಜಾಗ ಇದೆ. ಮೇಲಿಂದ ನೋಟ ಬೇಕಾದರೆ ಬೈಂದೂರಿನ ಒತ್ತಿನೆಣೆ. ಗುಡ್ಡದ ಮೇಲಿಂದ ಸೋಮೇಶ್ವರದ ತೀರ ಪೂರ್ತಿ ಕೆಳಗೆ ಕಾಣುತ್ತದೆ. ನೀರಿಗಿಳಿಯಲು ಇಷ್ಟವಿಲ್ಲದ ಹಿರಿಯರಿಗೆ ಅದು ಒಳ್ಳೆಯದು.

ಇನ್ನೊಂದು. ಬೆನ್ನು ಸಮುದ್ರಕ್ಕೆ ಮಾಡಿ ನಿಂತಾಗ ಅಲೆ ಬರೋದು ಯಾರಿಗೂ ಕಾಣೋದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಮಲೆನಾಡಿನ ನಮಗೆ ಹೊಳೆ ಗೊತ್ತು, ಕೆರೆ ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತರೂ ವಾಪಸ್ ಹೋಗುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಳ್ಳುತ್ತದೆ. ಫೋಟೊ ತೆಗೆಯುವಾಗ ಒಬ್ಬರು ಕ್ಯಾಮೆರಾ ನೋಡದೆ ಬರೀ ಸಮುದ್ರ ನೋಡುತ್ತಾ ನಿಲ್ಲಬೇಕು. ನಮ್ಮ ಮಾವ ಯಾವಾಗಲೂ ಆ ಕೆಲಸ ಮಾಡುತ್ತಾರೆ. ಕೆಂಪು ಬಾವುಟ ಇದ್ದರೆ ನೀರಿನ ಹತ್ತಿರವೂ ಬೇಡ.

ದುರ್ಗಿಗುಡಿ, ಶಿವಮೊಗ್ಗ

ಅಳಿಯಂದಿರು ಹೇಳಿದ್ದು ಸರಿ, ಆ ಸುದ್ದಿ ನಾನೂ ಓದಿದ್ದೆ. ಆದರೂ ಬೆಳಿಗ್ಗೆ ಬೇಗ ಹೋದರೆ ಮುರುಡೇಶ್ವರ ಬೇಡ ಅನ್ನುವಂಥದ್ದಲ್ಲ. ನಮ್ಮ ತಾಯಿಗೆ ಆ ಶಿವನ ಮುಂದೆ ನಿಂತದ್ದೇ ದೊಡ್ಡ ಸಂತೋಷ. ಡಿಸೆಂಬರ್ ಕೊನೆಯ ವಾರ ಜನ ಜಾಸ್ತಿ ಅನ್ನೋದನ್ನು ಮಾತ್ರ ಒಪ್ಪುತ್ತೇನೆ. ನಮ್ಮ ಫೋಟೊದಲ್ಲೂ ಹಿಂದೆ ಗುರುತಿಲ್ಲದ ಹತ್ತು ಹನ್ನೆರಡು ಜನ ಇದ್ದಾರೆ.

ಹೊನ್ನಾವರದ ಸೊಸೆ

ಅಕ್ಕಾ, ನಿಮ್ಮ ಮೊದಲ ಬರಹ ಓದಿ ಸುಮ್ನೆ ಕೂತುಬಿಟ್ಟೆ. ನನ್ನ ತವರು ತಾಳಗುಪ್ಪದ ಕಡೆ. ನಮ್ಮ ಅಜ್ಜನ ಗದ್ದೆಯೂ ಹಿನ್ನೀರಿಗೆ ಹೋದದ್ದೇ.

ನೀವು ಬರೆದ ನಾಲ್ಕು ಊರಿನಲ್ಲಿ ಹೊನ್ನಾವರ ಇಲ್ಲ. ನಿಮ್ಮ ಅಮ್ಮಮ್ಮನಿಗೆ ಅದೇ ಸರಿಯಾದ ಜಾಗ ಅಂತ ನನಗೆ ಅನ್ನಿಸುತ್ತದೆ. ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಲಿಂಗನಮಕ್ಕಿಯಲ್ಲಿ ನಿಲ್ಲುತ್ತಾಳೆ, ಜೋಗದಲ್ಲಿ 253 ಮೀಟರ್ ಧುಮುಕುತ್ತಾಳೆ, ಗೇರುಸೊಪ್ಪ ದಾಟಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ನಿಮ್ಮ ಊರನ್ನು ಮುಳುಗಿಸಿದ ನೀರು ಕೊನೆಗೆ ಬಂದು ಸೇರೋದು ಇಲ್ಲಿಗೇ.

ನದಿಯ ತೆಂಕಣ ದಡಕ್ಕೆ ಕಾಸರಕೋಡು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು ಸಿಕ್ಕಿತು. ಪಡುಬಿದ್ರಿಗೂ ಅದೇ ವರ್ಷ ಸಿಕ್ಕಿದ್ದು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಮೈ ತೊಳೆಯಲು ಸಿಹಿನೀರು ಎಲ್ಲ ಇವೆ. ಗಾಳಿಮರದ ನೆರಳಿದೆ. ಹೊಸನಗರದ ಅತ್ತಿಗೆ ಕೇಳಿದ್ದಕ್ಕೆಲ್ಲ ಹೌದು ಅನ್ನಬಹುದಾದ ಜಾಗ. ಬೆಳಿಗ್ಗೆ ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ.

ಒಂದು ಬೇಡಿಕೆ ಇದೆ. ಕಾಸರಕೋಡಿನ ಟೊಂಕದ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ತೀರದಲ್ಲಿ ಟಾರ್ಚು, ಫ್ಲ್ಯಾಶು ಬೇಡ. ಮರಿಗಳು ಬೆಳಕು ಇದ್ದ ಕಡೆ ಹೋಗುತ್ತವೆ, ಕಡಲಿನ ದಾರಿ ತಪ್ಪುತ್ತವೆ. ದೋಣಿ ಚಂದ ಕಾಣುತ್ತದೆ ಅಂತ ಕೇಳದೆ ಹತ್ತಬೇಡಿ. ಒಣಗಲು ಹಾಕಿದ ಬಲೆ ತುಳಿಯಬೇಡಿ. ಕೈರಂಪಣಿ (ದಡದಿಂದಲೇ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಒಂದು ಮಾತು ಕೇಳಿ, ಖುಷಿಯಿಂದ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹಗ್ಗ ಹಿಡಿಯಲು ಮಕ್ಕಳಿಗೂ ಬಿಡುತ್ತಾರೆ.

ಸಾಗರದ ಮೊಮ್ಮಗಳು

ಹೊನ್ನಾವರದ ಅಕ್ಕಾ, ನೀವು ಬರೆದದ್ದನ್ನು ಅಮ್ಮಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ "ಅಲ್ಲಿಗೆ ಎಷ್ಟು ದೂರ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಅವರಾಗಿಯೇ ಯಾವ ಊರಿಗೂ ದಾರಿ ಕೇಳಿದ್ದು ನಾನು ಕಂಡಿಲ್ಲ.

ಹೊನ್ನಾವರವೇ ಅಂತ ಆಯಿತು. ಈಗ ಉಳಿದ ಪ್ರಶ್ನೆ: ಬೆಳಿಗ್ಗೆ ನಾಲ್ಕಕ್ಕೆ ಹೊರಟು ಅದೇ ದಿನ ವಾಪಸ್ಸಾ, ಹಿಂದಿನ ದಿನ ಹೋಗಿ ಉಳಿಯೋದಾ? ಅಪ್ಪ ಒಂದೇ ದಿನ ಸಾಕು ಅಂತಾರೆ.

ಕುಂದಾಪುರದ ಅಳಿಯ

ಉಳಿಯಿರಿ. ಸಾಗರದಿಂದ ಹೊನ್ನಾವರ ಸುಮಾರು 90 ಕಿಲೋಮೀಟರ್ ಅಷ್ಟೇ, ಆದರೆ ಗೇರುಸೊಪ್ಪ ಘಾಟಿಯ ತಿರುವು, ಡಿಸೆಂಬರ್ ಬೆಳಗಿನ ಮಂಜು. ಟಿಟಿಯಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ನಸುಕಿನಲ್ಲಿ ಎಬ್ಬಿಸಿ ಕರೆತಂದ ಮಕ್ಕಳು ವಾಂತಿ ಮಾಡಿಕೊಂಡು, ಅತ್ತು, ತೀರ ತಲುಪುವ ಹೊತ್ತಿಗೆ ಮುಖ ಬಾಡಿರುತ್ತದೆ. ನಿಮ್ಮಪ್ಪನಿಗೆ ನನ್ನ ಕಡೆಯಿಂದ ಹೇಳಿ, ಒಂದು ರಾತ್ರಿಯ ಖರ್ಚು ಆ ಫೋಟೊದಲ್ಲಿ ಕಾಣುತ್ತದೆ.

ಹಿಂದಿನ ಸಂಜೆ ಹೋಗಿ ಜಾಗ ನೋಡಿ ಇಟ್ಟುಕೊಳ್ಳಿ. ಎಲ್ಲಿ ಮರಳು ಗಟ್ಟಿ, ಎಲ್ಲಿ ಕಸದ ಬುಟ್ಟಿ, ಎಲ್ಲಿ ಕಂಬ ಅಡ್ಡ ಬರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ರಿಪ್ಪನ್‌ಪೇಟೆ

ಒಂದು ಸಣ್ಣ ವಿಷಯ. ಏಸಿ ಗಾಡಿಯಿಂದ ಇಳಿದ ಕೂಡಲೇ ಫೋನ್ ತೆಗೆದರೆ ಲೆನ್ಸ್ ಮೇಲೆ ಆವಿ ಕೂತಿರುತ್ತದೆ. ತಣ್ಣಗಿನ ಗಾಜಿಗೆ ಕಡಲ ಕಡೆಯ ತೇವದ ಗಾಳಿ ತಾಗಿ ಹಾಗಾಗುತ್ತದೆ. ನನ್ನ ತಂಗಿ ಮದುವೆಯ ನಂತರದ ಮೊದಲ ಪ್ರವಾಸದ 40 ಫೋಟೊ ಹೀಗೇ ಮಂಜಾಗಿ ಹೋದವು. ಇಳಿದು ಹದಿನೈದು ನಿಮಿಷ ಬಿಡಿ, ತಾನೇ ಸರಿಯಾಗುತ್ತದೆ. ತೀರದಲ್ಲಿ ಇದ್ದಷ್ಟು ಹೊತ್ತೂ ಉಪ್ಪಿನ ಹನಿ ಕೂರುತ್ತಲೇ ಇರುತ್ತದೆ. ಹಳೇ ಹತ್ತಿ ಬಟ್ಟೆ ಒಂದು ಜೇಬಿನಲ್ಲಿರಲಿ, ಪ್ರತಿ ಸಲ ಒರೆಸಿ.

ಸೊರಬದ ಅಣ್ಣ

ಫೋಟೊಗ್ರಾಫರ್ ಕರೆಯೋದಾದರೆ ಮಾತು ಮೊದಲೇ ಬಿಡಿಸಿ ಆಡಿ. ನಾವು ಅಪ್ಪ ಅಮ್ಮನ 50ನೇ ವರ್ಷದ ಮದುವೆ ದಿನಕ್ಕೆ ಗೋಕರ್ಣದಲ್ಲಿ ಒಬ್ಬರನ್ನು ಗೊತ್ತು ಮಾಡಿದ್ದೆವು. ಮುಂಗಡವೂ ಕೊಟ್ಟಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬರಬೇಕಾದವರು ಹನ್ನೊಂದಕ್ಕೆ ಬಂದರು. ನನ್ನ ತಮ್ಮ, ಅವನ ಹೆಂಡತಿಯದ್ದೇ ಮುನ್ನೂರು ಫೋಟೊ ತೆಗೆದರು, ಅಪ್ಪ ಅಮ್ಮನದ್ದು ಹನ್ನೆರಡು. ಅವತ್ತು ಅಪ್ಪ ಏನೂ ಅನ್ನಲಿಲ್ಲ, ಆದರೆ ಮುಖ ನೋಡಿದರೆ ತಿಳಿಯುತ್ತಿತ್ತು. ನನಗೆ ಈಗಲೂ ಬೇಜಾರಿದೆ. "ಗುಂಪು ಫೋಟೊ ಮೊದಲು, ಹಿರಿಯರದ್ದು ಎರಡನೇದು, ಉಳಿದದ್ದು ಆಮೇಲೆ" ಅಂತ ಗಟ್ಟಿಯಾಗಿ ಹೇಳಿಬಿಡಿ.

ಕ್ಯಾಮೆರಾ ಮೇಷ್ಟ್ರು, ತೀರ್ಥಹಳ್ಳಿ

ಹೊನ್ನಾವರ ಅಂತ ಆದದ್ದು ತುಂಬಾ ಸಂತೋಷ. ಇನ್ನು ನಿಲ್ಲಿಸುವ ವಿಷಯ.

ಭರತ, ಇಳಿತ ನೋಡಿಕೊಳ್ಳಿ. ನೀರು ಏರೋದು ಇಳಿಯೋದು ಆರು ಗಂಟೆ ಚಿಲ್ಲರೆಗೆ ಒಮ್ಮೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಎರಡೂ ಹೆಚ್ಚು. ಹಿಂದಿನ ದಿನ ಮೀನುಗಾರರನ್ನು ಕೇಳಿದರೆ ಸರಿಯಾದ ಹೊತ್ತು ಹೇಳುತ್ತಾರೆ. ನೀರು ಇಳಿದಾಗ ಒದ್ದೆ ಮರಳು ಅಗಲವಾಗಿ ಬಿಟ್ಟುಕೊಳ್ಳುತ್ತದೆ. ಅದು ಗಟ್ಟಿ, ನಡೆಯಲು ಸುಲಭ, ಮೇಲೆ ಆಕಾಶದ ಬಣ್ಣವೂ ಬೀಳುತ್ತದೆ. ಒಣ ಮರಳಿನಲ್ಲಿ ಅಮ್ಮಮ್ಮನ ಕೋಲೂ ಹೂತುಹೋಗುತ್ತದೆ.

ಅಮ್ಮಮ್ಮನಿಗೆ ಕೈ ಇರುವ ಕುರ್ಚಿ ಒಂದು ಒಯ್ಯಿರಿ. ಕುರ್ಚಿಯ ಕಾಲು ಮರಳಿನಲ್ಲಿ ಒಂದು ಕಡೆ ಇಳಿದು ವಾಲುತ್ತದೆ. ಮನೆಯಿಂದ ನಾಲ್ಕು ಅಡಿಕೆ ಹಾಳೆ ಹಿಡಿದುಕೊಂಡು ಹೋಗಿ, ಪ್ರತಿ ಕಾಲಿನ ಕೆಳಗೆ ಒಂದೊಂದು. ಅಲ್ಲಾಡುವುದಿಲ್ಲ.

ಮಧ್ಯದಲ್ಲಿ ಅವರು, ಮಡಿಲಲ್ಲಿ ಮಗು. ಅಕ್ಕಪಕ್ಕ ಮಕ್ಕಳು ಕೂರಲಿ, ಹಿಂದೆ ದೊಡ್ಡವರು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತರೆ ಮುಖ ಕಡಲೆಕಾಯಿಯಷ್ಟು ಚಿಕ್ಕದಾಗುತ್ತದೆ. ಸಮುದ್ರ ಆಕಾಶ ಕೂಡುವ ಗೆರೆ ಯಾರ ಕುತ್ತಿಗೆಯಲ್ಲೂ ಹಾಯಬಾರದು. ಫೋಟೊ ತೆಗೆಯುವವರು ಸ್ವಲ್ಪ ಎತ್ತರದಲ್ಲಿ, ಮರಳ ದಿಬ್ಬದ ಮೇಲೆ ನಿಂತರೆ ಆ ಗೆರೆ ತಲೆಗಳ ಮೇಲೆ ಹೋಗುತ್ತದೆ. ಬಿಸಿಲಿಗೆ ಕಣ್ಣು ಮುಚ್ಚುವವರು ಇದ್ದೇ ಇರುತ್ತಾರೆ. ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ ಅನ್ನಿ, ಒಂದು ಎರಡು ಮೂರು ಅಂದಾಗ ತೆರೆಯಲಿ. ಬಿಡದೆ ಹತ್ತು ಹದಿನೈದು ತೆಗೆಯಿರಿ.

ಹೊಸನಗರದ ಅತ್ತಿಗೆ

ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕಬೇಕಾ ಅಂತ ಯಾರಾದರೂ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಬೇಡ. ಅಮ್ಮಮ್ಮ ದಿನಾ ಉಡುವ ಸೀರೆಯನ್ನೇ ಉಡಲಿ. ಹತ್ತಿ ಸೀರೆ ಇರಲಿ, ರೇಷ್ಮೆಗೆ ಉಪ್ಪುನೀರು ಆಗೋದಿಲ್ಲ. ಸೆರಗಿಗೆ ಒಂದು ಪಿನ್ನು ಹಾಕಿ, ಕಡಲ ಗಾಳಿ ಸುಮ್ಮನೆ ಬಿಡೋದಿಲ್ಲ.

ಆಗುಂಬೆ ಬದಿಯವ

ಬರುವಾಗ ಹೊತ್ತು ಇದ್ದರೆ ಭಟ್ಕಳದ ಮೇಲೆ ಕೊಲ್ಲೂರಿಗೆ ಹೋಗಿ, ಅಲ್ಲಿಂದ ಸಿಗಂದೂರಿಗೆ ಬಂದು ಹೊಸ ಸೇತುವೆ ದಾಟಿ ಸಾಗರ ಸೇರಬಹುದು. 2025ರ ಜುಲೈಯಿಂದ ಲಾಂಚಿಗೆ ಕಾಯುವ ಕೆಲಸ ಇಲ್ಲ. ಆದರೆ ಆ ಸೇತುವೆ ಹಿನ್ನೀರಿನ ಮೇಲೇ ಹೋಗುತ್ತದೆ. ಅಮ್ಮಮ್ಮನಿಗೆ ಇಷ್ಟವಾ ಅಂತ ಮೊದಲು ಕೇಳಿ.

ಸಾಗರದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಹೋಗಿ ಬಂದೆವು. ಬರೆಯದೆ ಇರಲು ಆಗಲಿಲ್ಲ.

ಅಪ್ಪ ಉಳಿಯಲು ಒಪ್ಪಿದರು. ಹಿಂದಿನ ಸಂಜೆ ನಾನು, ತಮ್ಮ ಹೋಗಿ ಜಾಗ ನೋಡಿ ಬಂದೆವು. ಬೆಳಿಗ್ಗೆ ಎಂಟರ ಹೊತ್ತಿಗೆ ಎಲ್ಲರೂ ಮರಳಿನಲ್ಲಿದ್ದೆವು. ನೀರು ಇಳಿದಿತ್ತು. ಹಾಳೆ ಹಾಕಿ ಕುರ್ಚಿ ಇಟ್ಟೆವು, ಮೇಷ್ಟ್ರು ಹೇಳಿದ ಹಾಗೇ ಅಲ್ಲಾಡಲಿಲ್ಲ. ಚಿಕ್ಕಪ್ಪ ಸಮುದ್ರ ನೋಡುವ ಕೆಲಸ ತಾವೇ ವಹಿಸಿಕೊಂಡರು. ಅವರೂ ಫೋಟೊದಲ್ಲಿ ಬರಬೇಕಲ್ಲ, ಅದಕ್ಕೆ ಆ ಹೊತ್ತಿಗೆ ಟಿಟಿ ಡ್ರೈವರ್ ಅಣ್ಣ ಅವರ ಜಾಗದಲ್ಲಿ ನಿಂತರು. ಅಲ್ಲಿ ವಾಕಿಂಗ್ ಬಂದಿದ್ದ ಹುಡುಗನೊಬ್ಬ ದಿಬ್ಬದ ಮೇಲಿಂದ ಫೋಟೊ ತೆಗೆದುಕೊಟ್ಟ. 17 ಜನರದ್ದೂ ಕಣ್ಣು ತೆರೆದಿದೆ.

ಆಮೇಲೆ ಆದದ್ದು ಹೇಳುತ್ತೇನೆ. ಎಲ್ಲರೂ ಚದುರಿದರು. ಅಮ್ಮಮ್ಮ ನೀರಿನ ಹತ್ತಿರ ಕರೆದುಕೊಂಡು ಹೋಗು ಅಂದರು. ನನ್ನ ತೋಳು ಹಿಡಿದು ಬಗ್ಗಿ, ಒಂದು ಬೊಗಸೆ ನೀರು ತೆಗೆದುಕೊಂಡು ತಲೆಗೆ ಚಿಮುಕಿಸಿಕೊಂಡರು. ಇದರಲ್ಲಿ ನಮ್ಮ ಹೊಳೆಯದ್ದು ಎಷ್ಟು ಅಂತ ಕೇಳಿದರು. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ.

ವಾಪಸ್ ಕುರ್ಚಿಯ ಹತ್ತಿರ ಬಂದರೂ ಕೂರಲಿಲ್ಲ. ಕೋಲಿನ ತುದಿಯಿಂದ ಒದ್ದೆ ಮರಳಿನಲ್ಲಿ ಗೆರೆ ಎಳೆಯಲು ಶುರುಮಾಡಿದರು. ಮನೆಯಲ್ಲಿ ನೆಲದ ಮೇಲೆ ಬೆರಳಲ್ಲಿ ಎಳೆಯುತ್ತಿದ್ದರಲ್ಲ, ಅದೇ. ಆದರೆ ಈ ಸಲ ದೊಡ್ಡದಾಗಿ. ನಡೆದು ನಡೆದು ಎಳೆದರು. ಹೆಬ್ಬಾಗಿಲು, ಜಗಲಿ, ನಡುಮನೆ, ದೇವರ ಕೋಣೆ, ಹಿಂದೆ ಬಚ್ಚಲು, ಆಚೆ ಕೊಟ್ಟಿಗೆ. ಅರ್ಧ ಗಂಟೆಯಾದರೂ ಆಗಿರಬೇಕು. ಮೊಣಕಾಲು ನೋವು ಅಂತ ಒಂದು ಸಲವೂ ಅನ್ನಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಂದು ನಿಂತರು. ಅಮ್ಮಮ್ಮ ಅವರನ್ನು ಗೆರೆ ತುಳಿಯದೆ ಹೆಬ್ಬಾಗಿಲಿನಿಂದಲೇ ಒಳಗೆ ಕರೆದರು. ಚಪ್ಪಲಿ ಹೊರಗೆ ಬಿಡಿ ಅಂದರು. ಎಲ್ಲರೂ ಬಿಟ್ಟರು.

ತಮ್ಮ ದಿಬ್ಬ ಹತ್ತಿ ಅದನ್ನೂ ತೆಗೆದ. ಅಪ್ಪ ಜಗಲಿಯಲ್ಲಿ ಕೂತಿದ್ದಾರೆ, ನನ್ನ ಅತ್ತಿಗೆ ಮಗು ಎತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದಾರೆ, ಅಮ್ಮಮ್ಮ ಅಡಿಗೆಮನೆಯ ಮೂಲೆಯಲ್ಲಿ ಕೋಲು ಊರಿ ಕೆಳಗೆ ನೋಡುತ್ತಿದ್ದಾರೆ. ಬೆಳಗಿನ ಓರೆ ಬಿಸಿಲಿಗೆ ಪ್ರತಿ ಗೆರೆಗೂ ಸಣ್ಣ ನೆರಳು ಬಿದ್ದು ಮನೆ ಪೂರ್ತಿ ಕಾಣುತ್ತದೆ.

ಮೇಷ್ಟ್ರೇ, ಈ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನು ಸ್ಟುಡಿಯೋದವರು ಆಗೋದಿಲ್ಲ ಅಂದರು. ಏನು ಮಾಡೋದು?

ಕ್ಯಾಮೆರಾ ಮೇಷ್ಟ್ರು, ತೀರ್ಥಹಳ್ಳಿ

ವಾಟ್ಸಾಪ್ ಫೋಟೊ ಕುಗ್ಗಿಸಿ ಕಳಿಸುತ್ತದೆ ತಂಗೀ. ತಮ್ಮನ ಫೋನಿನಲ್ಲಿರುವ ಮೂಲ ಫೋಟೊವನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಲು ಹೇಳಿ, ಇಲ್ಲವಾದರೆ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. 12 ಇಂಚಿಗೆ 18 ಇಂಚಿನ ಅಳತೆ ಚೆನ್ನಾಗಿ ಬರುತ್ತದೆ. ಹೊಳೆಯುವ ಕಾಗದ ಬೇಡ, ಮಂಕು ಕಾಗದ ಕೇಳಿ, ಗೋಡೆಯ ಮೇಲೆ ದೀಪ ಪ್ರತಿಫಲಿಸೋದಿಲ್ಲ. ಎರಡನೇ ಫೋಟೊದ ಹಿಂದೆ ಯಾವ ಕೋಣೆ ಎಲ್ಲಿತ್ತು ಅಂತ ಅಮ್ಮಮ್ಮನನ್ನು ಕೇಳಿ ಪೆನ್ಸಿಲ್ಲಿನಲ್ಲಿ ಬರೆದಿಡಿ. ಇವತ್ತೇ ಬರೆಯಿರಿ.

ಸಾಗರದ ಮೊಮ್ಮಗಳು

ಬರೆಯುತ್ತಿದ್ದೇವೆ. ಬಾವಿ ಎಳೆಯಲು ಮರೆತೆ ಅಂತ ಈಗ ನೆನಪಿಸಿಕೊಂಡರು. ಕೊಟ್ಟಿಗೆಯ ಎಡಕ್ಕೆ.